ಎಪ್ಪತ್ತೈದು ಅಂಕದ ಲೆಕ್ಕ

ವಿಶ್ವವಿದ್ಯಾಲಯದ ಸಹ ಪ್ರಾಧ್ಯಾಪಕ ಹುದ್ದೆಗೆ ನೇರ ನೇಮಕಾತಿಯಲ್ಲಿ ಅರ್ಜಿ ಹಾಕಬೇಕಾದರೆ ಪಿಎಚ್.ಡಿ. ಆಗಿರಬೇಕು, ಎಂಟು ವರ್ಷ ಪಾಠ ಮಾಡಿರಬೇಕು, ಏಳು ಪೇಪರ್, ಅಂದರೆ ಸಂಶೋಧನಾ ಲೇಖನ, ಪ್ರಕಟವಾಗಿರಬೇಕು. ಇಷ್ಟರ ಮೇಲೆ ಸಂಶೋಧನಾ ಅಂಕ 75 ಮುಟ್ಟಿರಬೇಕು. ಆ ಅಂಕ ಎಣಿಸುವುದಕ್ಕೆಂದೇ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಕೊನೆಯಲ್ಲಿ ಒಂದು ಕೋಷ್ಟಕ ಕೊಟ್ಟಿದ್ದಾರೆ. ನಾನು ತುಮಕೂರಿನಲ್ಲಿ ಎಂ.ಎಸ್ಸಿ. ಮಕ್ಕಳಿಗೆ ಲೀನಿಯರ್ ಆಲ್ಜೀಬ್ರಾ, ಗ್ರಾಫ್ ಥಿಯರಿ ಹೇಳಿಕೊಡುವವಳು. ಕೋಷ್ಟಕ ಕಂಡರೆ ಹೆದರುವ ಪೈಕಿಯಲ್ಲ. ಆದರೂ 2023ರ ಬೇಸಿಗೆಯಲ್ಲಿ ಹೊರಗಿನ ಒಂದು ವಿಶ್ವವಿದ್ಯಾಲಯದ ಜಾಹೀರಾತು ನೋಡಿ ಅರ್ಜಿ ತುಂಬಲು ಕೂತಾಗ, ಕೂಡುವುದು ಗುಣಿಸುವುದು ಬಿಟ್ಟು ಬೇರೇನೂ ಇಲ್ಲದ ಈ ಲೆಕ್ಕ ನನ್ನನ್ನು ವಾರಗಟ್ಟಲೆ ಸುಸ್ತು ಮಾಡಿತು.

ಲೆಕ್ಕ ಹೀಗಿದೆ. ವಿಜ್ಞಾನದವರಿಗೆ ಒಂದು ಪೇಪರಿಗೆ 8 ಅಂಕ. ಅದು ಬಂದ ಸಂಶೋಧನಾ ಪತ್ರಿಕೆಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದಿದ್ದರೆ ಮೇಲೆ 5 ಸೇರುತ್ತದೆ, ಒಂದಕ್ಕಿಂತ ಕಡಿಮೆ ಇದ್ದರೆ 10, ಒಂದರಿಂದ ಎರಡರೊಳಗಿದ್ದರೆ 15, ಹೀಗೆ ಏರುತ್ತಾ ಹೋಗಿ ಹತ್ತು ದಾಟಿದರೆ 30. ಹಿಂದಿನ ಎರಡು ವರ್ಷದಲ್ಲಿ ಆ ಪತ್ರಿಕೆಯಲ್ಲಿ ಬಂದ ಲೇಖನಗಳನ್ನು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನುವುದೇ ಇಂಪ್ಯಾಕ್ಟ್ ಫ್ಯಾಕ್ಟರ್. ಗಣಿತದವರಿಗೆ ಪೆಟ್ಟು ಬೀಳುವುದು ಇಲ್ಲೇ. ನಮ್ಮಲ್ಲಿ ಪೇಪರ್ ಕಳಿಸಿದರೆ ರೆಫ್ರಿ, ಅಂದರೆ ಪತ್ರಿಕೆಯ ಪರವಾಗಿ ಅದನ್ನು ಪರಿಶೀಲಿಸುವ ತಜ್ಞರು, ಓದಿ ವರದಿ ಕೊಡುವುದಕ್ಕೇ ವರ್ಷ ಹಿಡಿಯುವುದು ಮಾಮೂಲು. ಅದನ್ನು ಓದಿ ಇನ್ನೊಬ್ಬರು ಮುಂದುವರಿಸಿ, ಅವರ ಪೇಪರ್ ಅಚ್ಚಾಗುವಷ್ಟರಲ್ಲಿ ಆ ಎರಡು ವರ್ಷ ಯಾವಾಗಲೋ ಕಳೆದಿರುತ್ತದೆ. ನಮ್ಮ ಒಳ್ಳೊಳ್ಳೆಯ ಪತ್ರಿಕೆಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಒಂದರ ಆಚೆ ಈಚೆ ಸುಳಿದಾಡುವುದು ಇದರಿಂದ. ರಸಾಯನಶಾಸ್ತ್ರದ ಸ್ನೇಹಿತೆಗೆ ಇದನ್ನು ಹೇಳಿದರೆ ಪಾಪ ಅಂದಳು. ಅವಳ ಪಾಪಕ್ಕೂ ಅಂಕವಿಲ್ಲ.

ಮುಂದಿನ ಸಾಲು ಲೇಖಕರದು. ಇಬ್ಬರು ಸೇರಿ ಬರೆದಿದ್ದರೆ ಇಬ್ಬರಿಗೂ ಶೇ. 70. ಮೂವರೋ ಹೆಚ್ಚೋ ಇದ್ದರೆ ಮೊದಲನೆಯವರಿಗೆ, ಪ್ರಧಾನ ಲೇಖಕರಿಗೆ ಅಥವಾ ಪತ್ರಿಕೆಯೊಂದಿಗೆ ಪತ್ರವ್ಯವಹಾರ ನೋಡಿಕೊಂಡವರಿಗೆ ಶೇ. 70, ಉಳಿದವರಿಗೆ ತಲಾ ಶೇ. 30. ನನ್ನ ಹೆಸರು ಇಂಗ್ಲಿಷಿನಲ್ಲಿ ‘ವೈ’ಯಿಂದ ಶುರುವಾಗುತ್ತದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಊರು ಗುಬ್ಬಿ ತಾಲ್ಲೂಕು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಆಗಿನ ಗಣಿತ ಪುಸ್ತಕದಲ್ಲಿ ಜಾಲಾಕೃತಿಗಳ, ಅಂದರೆ ಗ್ರಾಫುಗಳ ಪಾಠ ಒಂದಿತ್ತು: ಚುಕ್ಕಿ, ಗೆರೆ, ಕ್ಯೋನಿಗ್ಸ್‌ಬರ್ಗಿನ ಏಳು ಸೇತುವೆ. ಒಂದೊಂದು ಸೇತುವೆಯನ್ನೂ ಒಂದೇ ಸಲ ದಾಟಿ ಊರು ಸುತ್ತಿ ಬರಲು ಆಗುವುದಿಲ್ಲ ಎಂದು ಆಯ್ಲರ್ 1736ರಲ್ಲಿ ತೋರಿಸಿದ ಕಥೆ. ಪರೀಕ್ಷೆಗೆ ಸಲೀಸಾಗಿ ಅಂಕ ಬರುತ್ತಿದ್ದದ್ದರಿಂದ ಎಲ್ಲರಿಗೂ ಆ ಪಾಠ ಇಷ್ಟ. ನನಗೆ ಪರೀಕ್ಷೆ ಮುಗಿದ ಮೇಲೂ ಇಷ್ಟವಾಗಿಯೇ ಉಳಿಯಿತು. ತುಮಕೂರಿನಲ್ಲಿ ಬಿ.ಎಸ್ಸಿ. ಮಾಡಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದೆ. ಅಲ್ಲಿನ ಗಣಿತ ವಿಭಾಗ ಅಂದರೆ ದ್ರವಚಲನೆ, ಎನ್. ರುದ್ರಯ್ಯನವರು ಕಟ್ಟಿ ಬೆಳೆಸಿದ ಕೇಂದ್ರದ ಹೆಸರು ಅಷ್ಟು ದೊಡ್ಡದು. ಕೆಳಗಿನಿಂದ ಕಾಯಿಸಿದ ದ್ರವದ ಪದರ ಯಾವ ಗಳಿಗೆಯಲ್ಲಿ ತಿರುಗಲು ಶುರುಮಾಡುತ್ತದೆ, ಎರಡೂ ಕಡೆ ಗಟ್ಟಿ ತಟ್ಟೆಯಿದ್ದರೆ ಆ ಗಳಿಗೆಯನ್ನು ಸೂಚಿಸುವ ರ್‍ಯಾಲೆ ಸಂಖ್ಯೆ 1708ರ ಹತ್ತಿರವೇ ಏಕೆ, ಇಂಥವು. ಕರ್ನಾಟಕದ ಎಷ್ಟೋ ಗಣಿತ ಮೇಷ್ಟ್ರುಗಳ ಪಿಎಚ್.ಡಿ. ಈ ದಾರಿಯದೇ. ಪಾಠ ಚೆನ್ನಾಗಿತ್ತು, ಆದರೆ ನನ್ನ ಮನಸ್ಸು ಚುಕ್ಕಿ ಗೆರೆ ಬಿಟ್ಟು ಬರಲಿಲ್ಲ.

2008ರಲ್ಲಿ ಎಂ.ಎಸ್ಸಿ. ಮುಗಿಸಿ ಬಂದು ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ಆ ವರ್ಷಗಳ ಬಗ್ಗೆ ಬರೆಯುವುದಕ್ಕೆ ಬಹಳ ಇದೆ, ಬರೆದವರೂ ಬಹಳ ಜನ ಇದ್ದಾರೆ. ಗೌರವಧನ ತಿಂಗಳಿಗೆ ಸರಿಯಾಗಿ ಬಂದದ್ದು ನೆನಪಿಲ್ಲ, ಏಪ್ರಿಲ್–ಮೇ ಬಂದರೆ ಅದೂ ಇಲ್ಲ, ಜೂನ್‌ನಲ್ಲಿ ಮತ್ತೆ ಅರ್ಜಿ. ಅಧ್ಯಾಪಕ ಹುದ್ದೆಯ ಅರ್ಹತೆಗೆ ಬರೆಯುವ ನೆಟ್ ಪರೀಕ್ಷೆಗೆ ಓದಿಕೊಂಡದ್ದು ಈ ನಡುವೆಯೇ. ಸಿಎಸ್‌ಐಆರ್ ಆಗ ನಡೆಸುತ್ತಿದ್ದ ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಮೂರನೇ ಭಾಗವೇ ಅಳತೆಗೋಲು. ಒಂದೊಂದು ಪ್ರಶ್ನೆಗೆ 4.75 ಅಂಕ, ತಪ್ಪಿದರೆ ಕಡಿತವಿಲ್ಲ. ಸರಿಯುತ್ತರ ಒಂದಕ್ಕಿಂತ ಹೆಚ್ಚಿರಬಹುದು, ಅಷ್ಟನ್ನೂ ಗುರುತಿಸಿದರೆ ಮಾತ್ರ ಅಂಕ. ನಾಲ್ಕರಲ್ಲಿ ಮೂರು ಸರಿ ಮಾಡಿದವನಿಗೂ ಏನೂ ಮಾಡದವನಿಗೂ ಸೊನ್ನೆಯೇ. ಗಣಿತದವರು ತಯಾರಿಸಿದ ಪರೀಕ್ಷೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ನೆಟ್ ಆಯಿತು, ಪಿಎಚ್.ಡಿ.ಗೆ ನೋಂದಣಿ ಮಾಡಿಸಿದೆ, ಮರುವರ್ಷ ತುಮಕೂರಿನಲ್ಲೇ ಕಾಯಂ ಕೆಲಸ ಸಿಕ್ಕಿತು. ಗೈಡ್ ಸಿಕ್ಕಿದ್ದು ನನ್ನ ಪುಣ್ಯ. ಮೊದಲ ದಿನ ಸರ್ ಹಾಳೆಯ ಮೇಲೆ ಒಂದು ಚೌಕ ಬರೆದು, ‘ಇದರ ಎನರ್ಜಿ ಎಷ್ಟು ಹೇಳಮ್ಮ’ ಅಂದರು.

ಗ್ರಾಫಿನ ಎನರ್ಜಿ ಎಂದರೆ ಇಷ್ಟು. ಚುಕ್ಕಿಗಳನ್ನು ಅಡ್ಡಕ್ಕೂ ಉದ್ದಕ್ಕೂ ಬರೆದುಕೊಂಡು, ಗೆರೆ ಇರುವಲ್ಲಿ 1, ಇಲ್ಲದಲ್ಲಿ 0 ತುಂಬಿದರೆ ಒಂದು ಮ್ಯಾಟ್ರಿಕ್ಸ್ ಸಿಗುತ್ತದೆ. ಅದರ ಐಗನ್ ಬೆಲೆಗಳನ್ನು (ಮ್ಯಾಟ್ರಿಕ್ಸ್ ಕೆಲವು ದಿಕ್ಕುಗಳನ್ನು ತಿರುಗಿಸದೆ ಬರೀ ಹಿಗ್ಗಿಸುವ ಪ್ರಮಾಣಗಳನ್ನು) ಕಂಡುಹಿಡಿದು, ಮೈನಸ್ ಚಿಹ್ನೆಗಳನ್ನು ಕೈಬಿಟ್ಟು ಕೂಡುವುದು. ಐವನ್ ಗುಟ್‌ಮನ್ 1978ರಲ್ಲಿ ಈ ವ್ಯಾಖ್ಯೆ ಕೊಟ್ಟರು. ಬೇರು ಇರುವುದು ರಸಾಯನಶಾಸ್ತ್ರದಲ್ಲಿ, ಅಣುಗಳ ಪೈ ಎಲೆಕ್ಟ್ರಾನುಗಳ ಒಟ್ಟು ಶಕ್ತಿಯ ಲೆಕ್ಕದಲ್ಲಿ. ಚೌಕದ ಐಗನ್ ಬೆಲೆಗಳು 2, 0, 0, −2. ಎನರ್ಜಿ 4. ಹೇಳಿದೆ.

‘ಸರಿ. ಒಂದು ಗೆರೆ ಅಳಿಸು. ಈಗ?’

ಗೆರೆ ಕಡಿಮೆಯಾದರೆ ಎನರ್ಜಿಯೂ ಕಡಿಮೆಯಾಗಬೇಕು ಅಂತಲೇ ಯಾರಿಗಾದರೂ ಅನಿಸುತ್ತದೆ. ಮಾಡಿ ನೋಡಿದರೆ 4.47. ಹೆಚ್ಚಾಗಿದೆ! ಕೆಲವು ಗ್ರಾಫುಗಳಲ್ಲಿ ಗೆರೆ ಅಳಿಸಿದರೆ ಎನರ್ಜಿ ಇಳಿಯುತ್ತದೆ, ಕೆಲವಲ್ಲಿ ಏರುತ್ತದೆ, ಕೆಲವಲ್ಲಿ ಅಲುಗಾಡುವುದಿಲ್ಲ. ಯಾವಾಗ ಏನು ಅನ್ನುವುದೇ ನನ್ನ ಮುಂದಿನ ಆರು ವರ್ಷದ ಕೆಲಸವಾಯಿತು.

ಆ ದಿನ ಹೊರಡುವಾಗ ಸರ್ ಇನ್ನೊಂದು ಪ್ರಶ್ನೆ ಕೊಟ್ಟು ಕಳಿಸಿದರು: ಎನರ್ಜಿ ಪೂರ್ಣಾಂಕವಾಗಿ ಬಂದರೆ ಅದು ಯಾವತ್ತೂ ಬೆಸಸಂಖ್ಯೆ ಆಗುವುದಿಲ್ಲ, ಯಾಕೆ? ಉತ್ತರ ಪುಟ್ಟದು. ಮ್ಯಾಟ್ರಿಕ್ಸಿನ ಕರ್ಣದಲ್ಲಿ ಎಲ್ಲಾ ಸೊನ್ನೆ, ಹಾಗಾಗಿ ಐಗನ್ ಬೆಲೆಗಳ ಮೊತ್ತ ಸೊನ್ನೆ. ಧನ ಬೆಲೆಗಳ ಮೊತ್ತವೂ ಋಣ ಬೆಲೆಗಳ ಮೊತ್ತವೂ ಗಾತ್ರದಲ್ಲಿ ಸಮ. ಅಂದರೆ ಎನರ್ಜಿ ಧನ ಬೆಲೆಗಳ ಮೊತ್ತದ ಎರಡರಷ್ಟು. ಈ ಮೊತ್ತ ಬೈಜಿಕ ಪೂರ್ಣಾಂಕ, ಅಂದರೆ ಮೊದಲ ಸಹಗುಣಕ 1, ಉಳಿದವು ಪೂರ್ಣಾಂಕಗಳಾದ ಬಹುಪದೋಕ್ತಿಯ ಮೂಲ. ಅಂಥದ್ದು ಭಾಗಲಬ್ಧ ಸಂಖ್ಯೆಯಾದರೆ ಸಾಮಾನ್ಯ ಪೂರ್ಣಾಂಕವೇ ಆಗಬೇಕು. ಎರಡರಿಂದ ಗುಣಿಸಿದರೆ ಸಮಸಂಖ್ಯೆ. ಮುಗಿಯಿತು. ಆರ್.ಬಿ. ಬಾಪಟ್ ಮತ್ತು ಎಸ್. ಪತಿ 2004ರಲ್ಲಿ ಕೇರಳ ಮ್ಯಾಥಮೆಟಿಕ್ಸ್ ಅಸೋಸಿಯೇಷನ್ನಿನ ಬುಲೆಟಿನ್‌ನಲ್ಲಿ ನಾಲ್ಕು ಪುಟದಲ್ಲಿ ಇದನ್ನು ಬರೆದರು. ಈ ವಿಷಯದಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಪೇಪರ್ ಅದು. ಕೋಷ್ಟಕದ ಮುಂದೆ ಕೂತಿದ್ದಾಗ ತಮಾಷೆಗೆ ಇದಕ್ಕೂ ಅಂಕ ಹಾಕಿ ನೋಡಿದೆ. ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ ಪತ್ರಿಕೆಯೆಂದು ಹಿಡಿದರೆ 8ಕ್ಕೆ 5 ಸೇರಿ 13, ಇಬ್ಬರು ಲೇಖಕರು, ತಲಾ 9.1. ಇದಕ್ಕಿಂತ ಹೆಚ್ಚು ಅಂಕದ ನನ್ನ ಪೇಪರುಗಳಿವೆ. ಅವುಗಳಲ್ಲಿ ಒಂದೂ ಇದರ ಹತ್ತಿರ ಸುಳಿಯುವುದಿಲ್ಲ.

ಓದುವುದಕ್ಕೆ ಬೆಂಗಳೂರೇ ಗತಿ. ಬೆಳಗಿನ ರೈಲು ಹತ್ತಿ ಯಶವಂತಪುರದಲ್ಲಿ ಇಳಿದರೆ ಭಾರತೀಯ ವಿಜ್ಞಾನ ಸಂಸ್ಥೆ ದೂರವಲ್ಲ. ವಿಭಾಗದಿಂದ ಪತ್ರ ಮಾಡಿಸಿಕೊಂಡು ಗ್ರಂಥಾಲಯಕ್ಕೆ ಹೋಗುತ್ತಿದ್ದೆ, ಅಲ್ಲಿಯ ಗಣಿತ ವಿಭಾಗದ ಸೆಮಿನಾರಿಗೆ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಮೊದಲ ಹತ್ತು ನಿಮಿಷ ಅರ್ಥವಾದರೆ ಅದು ಒಳ್ಳೆಯ ದಿನ. ಆದರೆ ರೈಲಿನಲ್ಲಿ ಆದಷ್ಟು ಗಣಿತ ಬೇರೆಲ್ಲೂ ಆಗಲಿಲ್ಲ ಎನ್ನಬೇಕು. ತುಮಕೂರು–ಬೆಂಗಳೂರು ಓಡಾಡುವವರದು ಒಂದು ಲೋಕ; ಇಸ್ಪೀಟಾಡುವ ಗುಂಪು, ಭಜನೆಯ ಗುಂಪು, ನಿಂತುಕೊಂಡೇ ನಿದ್ದೆ ಮಾಡುವವರು. ಇವರ ಮಧ್ಯೆ ಸೀಟು ಸಿಕ್ಕಿದರೆ ದಾಬಸ್‌ಪೇಟೆ ದಾಟುವಷ್ಟರಲ್ಲಿ ಒಂದು ಹಾಳೆ ತುಂಬುತ್ತಿತ್ತು. ಆ ಹಾಳೆ ಮರುದಿನ ತಪ್ಪು ಅಂತ ಗೊತ್ತಾಗುತ್ತಿತ್ತು, ಅದು ಬೇರೆ ಮಾತು.

ಒಂದು ಬಗೆಯ ಗ್ರಾಫುಗಳಲ್ಲಿ ಯಾವ ಗೆರೆ ಅಳಿಸಿದರೂ ಎನರ್ಜಿ ಏರದು ಎಂದು ಸಾಧಿಸಿದ್ದು ನನ್ನ ಮೊದಲ ಗಟ್ಟಿ ಫಲಿತಾಂಶ. ಮುಖ್ಯ ಉಪಪ್ರಮೇಯದ ಸಾಧನೆಯೇ ಮೂರು ಪುಟ. ಸರ್ ಜೊತೆ ಸೇರಿ ಬರೆದು ಹೊರದೇಶದ ಪತ್ರಿಕೆಗೆ ಕಳಿಸಿದೆವು. ವರ್ಷ ಕಳೆದ ಮೇಲೆ ರೆಫ್ರಿಯ ವರದಿ ಬಂತು. ಮೊದಲ ಪ್ಯಾರಾದಲ್ಲಿ ಫಲಿತಾಂಶ ಸರಿಯಿದೆ, ಹೊಸದು ಅಂತ ಇತ್ತು. ಎರಡನೇ ಪ್ಯಾರಾದಲ್ಲಿ, ‘ಲೇಖಕರು ಕೀ ಫಾನ್ ಅಸಮಾನತೆಯನ್ನು ಬಳಸಿದರೆ ಮೂರು ಪುಟ ಬೇಕಾಗುವುದಿಲ್ಲ’ ಅಂತ ಬರೆದು, ಕೆಳಗೆ ಅವರೇ ಅರ್ಧ ಪುಟದಲ್ಲಿ ಸಾಧಿಸಿ ತೋರಿಸಿದ್ದರು. ಕೀ ಫಾನ್ 1951ರಲ್ಲಿ ಕೊಟ್ಟ ಅಸಮಾನತೆ ಅದು: ಎರಡು ಮ್ಯಾಟ್ರಿಕ್ಸ್ ಕೂಡಿದಾಗ ಬರುವ ಸಿಂಗ್ಯುಲರ್ ಬೆಲೆಗಳ (ಗ್ರಾಫಿನ ಮ್ಯಾಟ್ರಿಕ್ಸಿಗೆ ಇವು ಮೈನಸ್ ಕೈಬಿಟ್ಟ ಐಗನ್ ಬೆಲೆಗಳೇ) ಮೊತ್ತ, ಅವೆರಡರ ಮೊತ್ತಗಳನ್ನು ಕೂಡಿದ್ದಕ್ಕಿಂತ ಹೆಚ್ಚಾಗದು. ಗ್ರಾಫಿನ ಮ್ಯಾಟ್ರಿಕ್ಸಿಗೆ ಆ ಮೊತ್ತವೇ ಎನರ್ಜಿ. ನನ್ನ ಮೂರು ಪುಟ ಹೋದದ್ದಕ್ಕೆ ಬೇಜಾರಾಗಬೇಕಿತ್ತು. ಆಗಲಿಲ್ಲ, ಖುಷಿಯಾಯಿತು. ಯಾರೋ ಒಬ್ಬರು, ಹೆಸರು ಹೇಳದೆ, ಬಿಡಿಗಾಸೂ ಪಡೆಯದೆ, ತುಮಕೂರಿನ ಯಾರದೋ ಪೇಪರನ್ನು ಕೊನೆಯ ಸಾಲಿನವರೆಗೆ ಓದಿ, ಒಳ್ಳೆಯ ದಾರಿ ತೋರಿಸಿ, ಆ ದಾರಿಯನ್ನು ನಿಮ್ಮದೇ ಅಂತ ಬರೆದುಕೊಳ್ಳಿ ಅಂದಿದ್ದರು. ಕೃತಜ್ಞತೆಯ ಸಾಲಿನಲ್ಲಿ ‘ಅನಾಮಿಕ ರೆಫ್ರಿ’ಗೆ ವಂದನೆ ಹೇಳುವುದು ಎಲ್ಲರೂ ಪಾಲಿಸುವ ಶಿಷ್ಟಾಚಾರ, ಆ ಸಲ ಅದನ್ನು ಮನಸ್ಸಿಟ್ಟು ಬರೆದೆ. ಈಗ ನಾನೂ ರೆಫ್ರಿ ಕೆಲಸ ಮಾಡುತ್ತೇನೆ. ಕೋಷ್ಟಕದ ಆರು ವಿಭಾಗಗಳಲ್ಲಿ ಎಲ್ಲೂ ಅದಕ್ಕೆ ಜಾಗವಿಲ್ಲ.

ಪ್ರಬಂಧ ಸಲ್ಲಿಸುವಾಗ ನಡೆದ ಒಂದು ವಿನೋದ ಹೇಳಲೇಬೇಕು. ಕೃತಿಚೌರ್ಯದ ತಪಾಸಣೆಯಲ್ಲಿ ಹೋಲಿಕೆ ಶೇ. 10 ದಾಟಬಾರದು. ನನ್ನ ಪ್ರಬಂಧದಲ್ಲಿ ಸಾಫ್ಟ್‌ವೇರ್ ಕೆಂಪು ಬಳಿದದ್ದೆಲ್ಲ ವ್ಯಾಖ್ಯೆಗಳಿಗೆ. ‘ಜಿ ಎಂಬುದು ಎನ್ ಶೃಂಗಗಳ ಸರಳ ಗ್ರಾಫ್ ಆಗಿರಲಿ’ ಅನ್ನುವ ವಾಕ್ಯವನ್ನು ಪ್ರಪಂಚದ ಪ್ರತಿ ಗ್ರಾಫ್ ಥಿಯರಿಯವನೂ ಬರೆದಿರುತ್ತಾನೆ, ಬೇರೆ ಥರ ಬರೆದರೆ ಅರ್ಥ ಕೆಡುತ್ತದೆ. ಪರಿಚಿತರೊಬ್ಬರು ಶಬ್ದ ಹಿಂದೆ ಮುಂದೆ ಮಾಡಿ ಅಂತ ಸಲಹೆ ಕೊಟ್ಟರು. ಪ್ರಮೇಯದಲ್ಲಿ ಶಬ್ದ ಹಿಂದೆ ಮುಂದೆ ಮಾಡಿದರೆ ಬೇರೆಯೇ ಪ್ರಮೇಯ ಆಗುತ್ತದೆ, ಕೆಲವು ಸಲ ಸುಳ್ಳು ಪ್ರಮೇಯ. ಕೊನೆಗೆ ಮೊದಲ ಅಧ್ಯಾಯದ ವ್ಯಾಖ್ಯೆಗಳನ್ನು ಆದಷ್ಟು ಕತ್ತರಿಸಿ ಅಂಕಿ ಇಳಿಸಿದೆ. ಮೌಖಿಕ ಪರೀಕ್ಷೆ ಸುಸೂತ್ರವಾಗಿ ನಡೆಯಿತು, 2019ರಲ್ಲಿ ಪದವಿ ಬಂತು, ಪ್ರಬಂಧ ದೇಶದ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾ ಸೇರಿತು.

ಮತ್ತೆ ಅರ್ಜಿಯ ವಿಷಯಕ್ಕೆ ಬರುತ್ತೇನೆ. ಪೇಪರುಗಳ ಪಟ್ಟಿ ಮಾಡುವಾಗ ಹೊಸ ತೊಡಕು ಎದುರಾಯಿತು. ನಮ್ಮ ಸೀಮೆಯವರಿಗೆ ಮನೆತನದ ಹೆಸರು ಇರುವುದು ಅಪರೂಪ. ಇನಿಷಿಯಲ್ ಇರುತ್ತದೆ, ಅದರಲ್ಲಿ ಊರೋ ಅಪ್ಪನ ಹೆಸರೋ ಅಡಗಿರುತ್ತದೆ. ಹೊರದೇಶದ ಪತ್ರಿಕೆಗಳು ಸರ್‌ನೇಮ್ ಕಡ್ಡಾಯ ಎನ್ನುತ್ತವೆ. ಒಂದು ಪತ್ರಿಕೆಗೆ ಇನಿಷಿಯಲ್ಲನ್ನು ಸರ್‌ನೇಮ್ ಅಂತ ಕೊಟ್ಟಿದ್ದೆ, ಇನ್ನೊಂದಕ್ಕೆ ಹೆಸರನ್ನೇ ಕೊಟ್ಟಿದ್ದೆ. ಉಲ್ಲೇಖ ಎಣಿಸುವ ಕಂಪ್ಯೂಟರಿನ ಪಾಲಿಗೆ ಇವರು ಇಬ್ಬರು ಬೇರೆ ಬೇರೆ ಹೆಂಗಸರು, ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಳ್ಳುವ ಗೆಳತಿಯರು. ಇಬ್ಬರನ್ನೂ ಒಂದುಗೂಡಿಸಲು ಬರೆದ ಪತ್ರಗಳಿಗೆ ಲೆಕ್ಕವಿಲ್ಲ. ಹೊಸದಾಗಿ ಬರೆಯುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವ ಮಾತು ಇದೇ: ಮೊದಲ ಪೇಪರಿಗಿಂತ ಮುಂಚೆ ಹೆಸರು ಹೇಗೆ ಬರೆಯುತ್ತೀರಿ ಅಂತ ತೀರ್ಮಾನಿಸಿ, ಸಂಶೋಧಕರನ್ನು ಗುರುತಿಸುವ ಆರ್ಕಿಡ್ ಸಂಖ್ಯೆ ಮಾಡಿಸಿಕೊಳ್ಳಿ.

ಅಂಕಕ್ಕೆ ಬಂದರೆ, ನನ್ನ ಅತ್ಯಂತ ಇಷ್ಟದ ಪೇಪರ್ ಮೂವರದು. ಬೇರೆ ಬೇರೆ ಐಗನ್ ಬೆಲೆಗಳಿದ್ದೂ ಎನರ್ಜಿ ಒಂದೇ ಆಗಿರುವ ಗ್ರಾಫುಗಳ ಮೇಲಿನ ಕೆಲಸ. ಇದರಲ್ಲಿ ಧಾರವಾಡದ ಎಚ್.ಎಸ್. ರಮಣೆ, ಎಚ್.ಬಿ. ವಾಲೀಕಾರರು ಇಪ್ಪತ್ತು ವರ್ಷದ ಹಿಂದೆ ಮಾಡಿದ ಕೆಲಸವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನಮ್ಮ ರಾಜ್ಯದಲ್ಲಿ ಈ ವಿಷಯಕ್ಕೆ ಒಂದು ಪರಂಪರೆ ಇದೆ ಅಂತ ಧೈರ್ಯವಾಗಿ ಹೇಳಬಹುದು. ಆ ಪೇಪರಿನ ತಿರುಳಾದ ರಚನೆ ನನ್ನದು. ಆದರೆ ಗಣಿತದಲ್ಲಿ ಲೇಖಕರ ಹೆಸರನ್ನು ಅಕಾರಾದಿಯಾಗಿ ಹಾಕುವುದು ರೂಢಿ. ಯಾರು ಎಷ್ಟು ಮಾಡಿದರು ಅಂತ ಅಳೆಯುವುದಿಲ್ಲ. ವೈ ಅಕ್ಷರದವಳು ಕೊನೆಗೆ. ಪತ್ರವ್ಯವಹಾರ ಮಾಡಿದ್ದು ಇನ್ನೊಬ್ಬರು. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಒಂದಕ್ಕಿಂತ ಸ್ವಲ್ಪ ಕಡಿಮೆ. 8ಕ್ಕೆ 10 ಸೇರಿ 18, ಅದರ ಶೇ. 30 ಅಂದರೆ 5.4.

ಅಂಕಗಳು ಆರರಲ್ಲಿ ಕನಿಷ್ಠ ಮೂರು ವಿಭಾಗಗಳಿಂದ ಬಂದಿರಬೇಕು ಅನ್ನುವುದು ಇನ್ನೊಂದು ಷರತ್ತು. ಬಿ.ಎಸ್ಸಿ. ಮಕ್ಕಳಿಗೆಂದು ಮ್ಯಾಟ್ರಿಕ್ಸಿನ ಮೇಲಿನ ಒಂದು ಅಧ್ಯಾಯವನ್ನು ಕನ್ನಡಕ್ಕೆ ತಂದಿದ್ದೆ. ಅನುವಾದಿತ ಅಧ್ಯಾಯಕ್ಕೆ 3 ಅಂಕ. ಆಹ್ವಾನಿತ ಉಪನ್ಯಾಸಗಳಿಗೆ ರಾಷ್ಟ್ರಮಟ್ಟದ್ದಾದರೆ 3, ರಾಜ್ಯ ಅಥವಾ ವಿಶ್ವವಿದ್ಯಾಲಯ ಮಟ್ಟದ್ದಾದರೆ 2. ಎಲ್ಲಾ ಕೂಡಿದ ಮೇಲೂ ಸ್ವಲ್ಪ ಕೊರತೆ ಬಿತ್ತು. ಬೀರು ತಡಕಾಡಿದಾಗ ಒಂದು ಡಿಸೆಂಬರ್ 22ರ ಪ್ರಮಾಣಪತ್ರ ಸಿಕ್ಕಿತು. ರಾಮಾನುಜನ್ ಹುಟ್ಟಿದ ಆ ದಿನವನ್ನು 2012ರಿಂದ ರಾಷ್ಟ್ರೀಯ ಗಣಿತ ದಿನವಾಗಿ ಆಚರಿಸುತ್ತಾರೆ. ತಿಪಟೂರಿನಲ್ಲಿ ನಡೆದ ರಾಜ್ಯಮಟ್ಟದ ಕಾರ್ಯಕ್ರಮದಲ್ಲಿ ಮಾತಾಡಿದ್ದೆ. ಅವತ್ತು ಶಾಲುವಿನ ಜೊತೆ ಎರಡು ಎಳನೀರು ಕೊಟ್ಟಿದ್ದರು. ಆ ಎರಡು ಅಂಕದಿಂದ ನಾನು 75 ದಾಟಿದೆ.

ಟೌನ್ ಹಾಲ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕಡತ ತಯಾರಾಯಿತು. ಪ್ರತಿ ಪೇಪರಿನ ಮೊದಲ ಪುಟ, ಪತ್ರಿಕೆ ಯುಜಿಸಿ ಪಟ್ಟಿಯಲ್ಲಿ ಇದ್ದದ್ದಕ್ಕೆ ಪುರಾವೆ, ಆ ವರ್ಷದ ಇಂಪ್ಯಾಕ್ಟ್ ಫ್ಯಾಕ್ಟರಿಗೆ ಪುರಾವೆ, ಪ್ರತಿ ಹಾಳೆಗೂ ಸ್ವಯಂ ದೃಢೀಕರಣದ ಸಹಿ. ಸ್ಪೈರಲ್ ಹಾಕುವ ಹುಡುಗ, ‘ಮೇಡಂ, ಇದು ಒಂದಕ್ಕೆ ತಡೆಯಲ್ಲ, ಎರಡು ವಾಲ್ಯೂಮ್ ಮಾಡಿ’ ಅಂದ. ಜೊತೆಗೆ ನಾನು ಇನ್ನೊಂದು ಹಾಳೆ ಸೇರಿಸಿದೆ. ಗಣಿತದ ಹೆಚ್ಚಿನ ಶಾಖೆಗಳಲ್ಲಿ ಜಂಟಿ ಲೇಖಕರ ಹೆಸರು ಅಕಾರಾದಿಯಲ್ಲಿರುತ್ತದೆ ಎಂದು ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿ 2004ರಲ್ಲಿ ಹೊರಡಿಸಿದ ಹೇಳಿಕೆ. ಅದನ್ನು ಯಾರೂ ಕೇಳಿರಲಿಲ್ಲ.

ಸಂದರ್ಶನದಲ್ಲಿ ಅದೇ ಕೆಲಸಕ್ಕೆ ಬಂತು. ಬೇರೆ ವಿಷಯದ ಸದಸ್ಯರೊಬ್ಬರು ಕಡತ ತಿರುವುತ್ತಾ, ‘ಏನಮ್ಮ, ಯಾವ ಪೇಪರಲ್ಲಿ ನೋಡಿದ್ರೂ ನಿಮ್ಮ ಹೆಸರು ಕೊನೇಲೇ ಇದೆಯಲ್ಲ?’ ಅಂದರು. ಹಾಳೆ ತೋರಿಸಿದೆ. ‘ಹಂಗಾದ್ರೆ ಯಾರು ಮುಖ್ಯ ಅಂತ ಗೊತ್ತಾಗೋದು ಹೆಂಗೆ?’ ನಾನು ಬಾಯಿ ಬಿಡುವ ಮುಂಚೆ ಗಣಿತದ ಹೊರ ತಜ್ಞರು ಮಾರ್ಕರ್ ಮುಂದೆ ಚಾಚಿ, ‘ಬೋರ್ಡ್ ಹತ್ತಿರ ಬನ್ನಿ, ಗೊತ್ತಾಗುತ್ತೆ’ ಅಂದರು.

ಒಂದು ಪಂಚಭುಜ ಬರೆದೆ. ಪಕ್ಕದಲ್ಲಿ ಚೌಕ ಬರೆದು, ನಡುವೆ ಚುಕ್ಕಿ ಇಟ್ಟು ನಾಲ್ಕೂ ಮೂಲೆಗೆ ಗೆರೆ ಎಳೆದೆ. ಎರಡಕ್ಕೂ ಐದೈದು ಚುಕ್ಕಿ. ಒಂದರಲ್ಲಿ ಐದು ಗೆರೆ, ಇನ್ನೊಂದರಲ್ಲಿ ಎಂಟು. ಐಗನ್ ಬೆಲೆಗಳು ಬೇರೆ ಬೇರೆ. ಎನರ್ಜಿ ಮಾತ್ರ ಎರಡಕ್ಕೂ 2+2√5, ಸುಮಾರು 6.47. ಅಲ್ಲಿಂದ ನಮ್ಮ ಮೂವರ ಪೇಪರಿನ ರಚನೆಗೆ ಹೋದೆ. ಅವರು ನಡುವೆ ತಡೆದು ಒಂದು ಕಡೆ ಹಾಕಿದ ಷರತ್ತು ಅಗತ್ಯವೇ ಅಂತ ಕೇಳಿದರು, ಅದಿಲ್ಲದಿದ್ದರೆ ಸುಳ್ಳಾಗುವ ಉದಾಹರಣೆ ಕೊಟ್ಟೆ. ಐದು ನಿಮಿಷ ಆ ಕೊಠಡಿಯಲ್ಲಿ ಇನ್ನುಳಿದವರನ್ನು ಇಬ್ಬರೂ ಮರೆತಿದ್ದೆವು. 5.4 ಅಂಕದ ಪೇಪರ್ ಅದು.

ಆ ನೇಮಕಾತಿ ಮೀಸಲಾತಿ ರೋಸ್ಟರಿನ ತಕರಾರಿನಲ್ಲಿ ನಿಂತುಹೋಯಿತು, ನಾನು ತುಮಕೂರಿನಲ್ಲೇ ಇದ್ದೇನೆ. 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡು ನಿಯಮಗಳಲ್ಲಿ ಈ ಅಂಕದ ಕೋಷ್ಟಕ ಇಲ್ಲ, ಬದಲಿಗೆ ‘ಗಮನಾರ್ಹ ಕೊಡುಗೆ’ಗಳ ಪಟ್ಟಿ ಇದೆ. ಫೆಬ್ರುವರಿಯಲ್ಲಿ ಯುಜಿಸಿ ಒಪ್ಪಿದ ಪತ್ರಿಕೆಗಳ ಕೇರ್ ಪಟ್ಟಿಯನ್ನೂ ಕೈಬಿಟ್ಟರು. ಕಡತದ ಎರಡೂ ವಾಲ್ಯೂಮ್ ಬೀರುವಿನಲ್ಲಿವೆ. ಎಸೆಯುವ ಧೈರ್ಯ ಬಂದಿಲ್ಲ. ನಿಯಮ ಹೋದಂತೆ ಮತ್ತೆ ಬರುವುದೂ ಉಂಟು.

ಸದ್ಯ ನನ್ನ ಬಳಿ ಪಿಎಚ್.ಡಿ. ಮಾಡುತ್ತಿರುವ ಹುಡುಗಿಯೊಬ್ಬಳಿದ್ದಾಳೆ. ಪಾವಗಡದ ಕಡೆಯವಳು, ಹೆಸರು ಎ ಅಕ್ಷರದ್ದು. ಅವಳು, ನಾನು, ಇನ್ನೊಬ್ಬ ಸಹೋದ್ಯೋಗಿ ಸೇರಿ ಒಂದು ಪೇಪರ್ ಬರೆದಿದ್ದೇವೆ. ಮೊನ್ನೆ ಕರಡು ತಂದವಳು ನಿಂತೇ ಇದ್ದಳು.

‘ಮೇಡಂ, ನಿಮ್ಮ ಹೆಸರು ಮೊದಲು ಹಾಕೋಣ್ವಾ? ನಿಮಗೆ ಪ್ರಮೋಷನ್‌ಗೆ ಬೇಕಾಗುತ್ತೆ ಅಂದ್ರು.’

‘ಯಾರಂದ್ರು?’

ಸುಮ್ಮನಾದಳು.

‘ಅಕಾರಾದಿಯಲ್ಲೇ ಇರಲಿ. ಪತ್ರವ್ಯವಹಾರಕ್ಕೂ ನಿನ್ನ ಹೆಸರೇ ಹಾಕು, ರೆಫ್ರಿಗೆ ಉತ್ತರ ಬರೆಯೋದು ಕಲೀಬೇಕು ನೀನು. ಅದಿರಲಿ, ನಾಲ್ಕನೇ ಪುಟದಲ್ಲಿ ಅಸಮಾನತೆ ಸಾಧಿಸಿದ್ದೀಯಲ್ಲ, ಎರಡೂ ಕಡೆ ಸಮ ಆಗೋದು ಯಾವಾಗ ಅಂತ ಎಲ್ಲೂ ಬರೆದೇ ಇಲ್ಲ. ಅದನ್ನು ಮುಗಿಸಿಕೊಂಡು ಸೋಮವಾರ ಬಾ.’